ರೆಂಡರ್ ಹಾಕಿದರೆ ಕಂಪ್ಯೂಟರ್ ಆಫ್: ಭಾವನ ಸ್ಟುಡಿಯೋದಲ್ಲಿ ಹನ್ನೆರಡು ದಿನ

ಅಕ್ಕನ ಗಂಡ, ನನ್ನ ಭಾವನ ಫೋನ್ ಬಂದಾಗ ಶನಿವಾರ ರಾತ್ರಿ ಒಂಬತ್ತೂವರೆ. ಹಲೋ ಇಲ್ಲ, ಊಟ ಆಯ್ತಾ ಅನ್ನೋ ಮಾತಿಲ್ಲ. "ಮತ್ತೆ ಹೋಯ್ತು ಕಣಯ್ಯ. ಎಪ್ಪತ್ತೊಂದು ಪರ್ಸೆಂಟ್ ಆಗಿತ್ತು" ಅಂದರು.

ಭಾವನದು ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಸಣ್ಣ ಸ್ಟುಡಿಯೋ. ಕೆಳಗೆ ಬೇಕರಿ, ಮೇಲೆ ಇವರು. ಮದುವೆ, ಗೃಹಪ್ರವೇಶ, ನಾಮಕರಣ ಶೂಟ್ ಮಾಡುತ್ತಾರೆ. ಎಡಿಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾರೆ. ಮೇ ತಿಂಗಳು, ಸಾಲು ಸಾಲು ಲಗ್ನ. ಎರಡೂವರೆ ಗಂಟೆಯ ಒಂದು ಮದುವೆ ವಿಡಿಯೋ ರೆಂಡರ್ ಹಾಕಿದರೆ, ಅಂದರೆ ಎಡಿಟ್ ಮಾಡಿದ್ದನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡಲು ಬಿಟ್ಟರೆ, ಮಧ್ಯದಲ್ಲಿ ಎಲ್ಲೋ ಕಂಪ್ಯೂಟರ್ ಟಕ್ ಅಂತ ಆಫ್ ಆಗುತ್ತಿತ್ತು. ಒಂದು ಸಲ 12%, ಇನ್ನೊಂದು ಸಲ 71%. ಹೆಣ್ಣಿನ ಕಡೆಯವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಭಾವನ ಮುಖದಲ್ಲಿ ಕಳೆ ಇರಲಿಲ್ಲ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಹೊಟ್ಟೆಪಾಡಿಗೆ ಮಾಡುವ ಕೆಲಸ ಬೇರೆ. ಕಂಪ್ಯೂಟರ್ ಬಿಚ್ಚುವುದು ಭಾನುವಾರದ ಚಟ. ಈ ಮಷಿನ್ ಜೋಡಿಸಿಕೊಟ್ಟವನೂ ನಾನೇ. ಹಾಗಾಗಿ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ.

ಮಷಿನ್ ವಿವರ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ರೈಜನ್ 7 3700ಎಕ್ಸ್ ಪ್ರೊಸೆಸರ್, ಅದರ ಜೊತೆಗೇ ಬಂದ ಕೂಲರ್, 32 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಎರಡು ಹಳೇ ಹಾರ್ಡ್ ಡಿಸ್ಕ್. ಮೊದಲು ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇತ್ತು. ಹೋದ ದೀಪಾವಳಿಗೆ ಅದನ್ನು ತೆಗೆದು ಆರ್‌ಟಿಎಕ್ಸ್ 3060 ಹಾಕಿದ್ದೆವು. ಗೋಡೆಯ ಕರೆಂಟನ್ನು ಮಷಿನ್‌ಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡಲು 550 ವ್ಯಾಟ್ ಪವರ್ ಸಪ್ಲೈ. ಟೇಬಲ್ ಕೆಳಗೆ ಮೂರು ವರ್ಷದ ಹಳೆಯ 600 ವಿಎ ಯುಪಿಎಸ್.

ಭಾನುವಾರ ಬೆಳಗ್ಗೆ ಹೋದೆ. ಮೊದಲು ನೋಡಿದ್ದು ಇವೆಂಟ್ ವ್ಯೂವರ್, ವಿಂಡೋಸ್ ತನ್ನ ಏರುಪೇರುಗಳನ್ನು ಬರೆದಿಡುವ ಜಾಗ. ಅಲ್ಲಿ ಸಾಲಾಗಿ ಒಂದೇ ದೂರು: ಕರ್ನಲ್ ಪವರ್, ಇವೆಂಟ್ 41. ಇದನ್ನು ನೋಡಿ ತುಂಬ ಜನ "ಪವರ್ ಸಪ್ಲೈ ಹೋಗಿದೆ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಅದು ಹೇಳುವುದು ಅಷ್ಟಲ್ಲ, ಅದಕ್ಕಿಂತ ಕಮ್ಮಿ. "ಹೋದ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ" ಅಂತ ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದಿಡುವ ಟಿಪ್ಪಣಿ ಅದು, ಅಷ್ಟೇ. ಯಾಕೆ ಅಂತ ಅದಕ್ಕೂ ಗೊತ್ತಿಲ್ಲ. ಆದರೆ ಆ ಎಂಟ್ರಿಯ ಒಳಗೆ ಬಗ್‌ಚೆಕ್ ಕೋಡ್ ಅಂತ ಒಂದು ಸಾಲು ಇರುತ್ತದೆ. ಅದು ಸೊನ್ನೆ ಇತ್ತು. ಬ್ಲೂ ಸ್ಕ್ರೀನ್ ಬಂದು ಬಿದ್ದಿದ್ದರೆ ಸಾಮಾನ್ಯವಾಗಿ ಅಲ್ಲೊಂದು ಸಂಖ್ಯೆ ಇರುತ್ತಿತ್ತು. ಅಂದರೆ ಡ್ರೈವರ್, ರ‍್ಯಾಮ್, ವಿಂಡೋಸ್ ಮೇಲಿನ ಅನುಮಾನ ಹಿಂದಕ್ಕೆ ಹೋಯಿತು. "ಫಾರ್ಮ್ಯಾಟ್ ಹೊಡೆದುಬಿಡು" ಅಂತ ಪಕ್ಕದ ಅಂಗಡಿಯವರು ಕೊಟ್ಟ ಸಲಹೆಯೂ ಹಿಂದಕ್ಕೆ ಹೋಯಿತು.

ಉಳಿದದ್ದು ಎರಡು. ಒಂದು ಶಾಖ, ಇನ್ನೊಂದು ಕರೆಂಟು.

ಕ್ಯಾಬಿನೆಟ್ ಬಾಗಿಲು ತೆಗೆದರೆ ಶಾಖದ ಕಡೆಗೇ ಮನಸ್ಸು ವಾಲಿತು. ಕೂಲರ್ ಹಲ್ಲುಗಳ ನಡುವೆ ಧೂಳು ಹಾಸಿಗೆ ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ರಸ್ತೆ ಧೂಳು, ಅದರ ಮೇಲೆ ಕೆಳಗಿನ ಬೇಕರಿಯ ಎಣ್ಣೆ ಹೊಗೆ. ಎರಡೂ ಸೇರಿ ಅಂಟು. ಹತ್ತು ನಿಮಿಷ ರೆಂಡರ್ ಹಾಕಿ ನೋಡಿದೆ, ಪ್ರೊಸೆಸರ್ 93 ಡಿಗ್ರಿ. ಈ ಪ್ರೊಸೆಸರ್‌ಗೆ ಮಿತಿ 95. ಸಿಕ್ಕಿಬಿತ್ತು ಕಳ್ಳ ಅಂದುಕೊಂಡೆ.

ಇಲ್ಲಿ ಒಂದು ಮಾತು. ಈಗಿನ ಪ್ರೊಸೆಸರ್‌ಗಳು ಮಿತಿ ಮುಟ್ಟಿದ ತಕ್ಷಣ ಆಫ್ ಆಗುವುದಿಲ್ಲ. ಮೊದಲು ತಮ್ಮ ವೇಗ ತಾವೇ ಇಳಿಸಿಕೊಳ್ಳುತ್ತವೆ. ಕೂಲರ್ ಕಳಚಿಬಿದ್ದಂಥ ದೊಡ್ಡ ಎಡವಟ್ಟಾದರೆ ಮಾತ್ರ ಪೂರ್ತಿ ಆಫ್. ಇದು ನನಗೆ ಗೊತ್ತಿತ್ತು. ಆದರೂ ಆ ಧೂಳು ನೋಡಿದ ಮೇಲೆ ಗೊತ್ತಿದ್ದದ್ದು ಮರೆತೆ. ಕಣ್ಣಿಗೆ ಕಾಣುವ ಕೊಳೆಯ ಮೇಲೆ ತಪ್ಪು ಹೊರಿಸುವುದು ಸುಲಭ, ಅಲ್ವಾ?

ಹೇಗೂ ಬಿಚ್ಚಿದ್ದಾಯಿತು, ಶುದ್ಧ ಮಾಡಿದೆ. ಈ ಪ್ರೊಸೆಸರ್ ಕೂರುವ ಎಎಂ4 ಅನ್ನೋ ಬಗೆಯ ಬೋರ್ಡ್‌ಗಳಲ್ಲಿ ಕೂಲರ್ ತೆಗೆಯುವಾಗ ಹುಷಾರಾಗಿರಬೇಕು. ಪ್ರೊಸೆಸರ್ ಶಾಖ ಕೂಲರ್‌ಗೆ ದಾಟಲಿ ಅಂತ ನಡುವೆ ಹಚ್ಚಿದ ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಕೂಲರ್ ಜೊತೆಗೇ ಬರುತ್ತದೆ. ಪಿನ್ನುಗಳು ಬಗ್ಗಿದರೆ ಕಥೆ ಮುಗಿಯಿತು. ಅದಕ್ಕೆ ಮೊದಲು ಕಂಪ್ಯೂಟರನ್ನು ಒಂದಿಷ್ಟು ಹೊತ್ತು ಓಡಿಸಿ ಬಿಸಿ ಮಾಡಿಕೊಂಡೆ. ಆಮೇಲೆ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೊಸ ಪೇಸ್ಟ್ ಕಡಲೆಕಾಳಿನಷ್ಟು ಹಚ್ಚಿದೆ. ಬ್ಲೋವರ್ ಊದುವಾಗ ಫ್ಯಾನ್ ರೆಕ್ಕೆಗೆ ಬೆರಳು ಕೊಟ್ಟು ಹಿಡಿದಿದ್ದೆ. ಗಾಳಿಗೆ ಸುಮ್ನೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು.

ಮತ್ತೆ ರೆಂಡರ್ ಹಾಕಿದೆ: 76 ಡಿಗ್ರಿ. ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನಿಬೆಂಚ್ ಓಡಿಸಿದೆ, ಸರಿ. ಗ್ರಾಫಿಕ್ಸ್ ಕಾರ್ಡನ್ನು ದುಡಿಸುವ ಫರ್‌ಮಾರ್ಕ್ ಓಡಿಸಿದೆ, ಸರಿ. ಎರಡನ್ನೂ ಒಟ್ಟಿಗೆ ಇಪ್ಪತ್ತೈದು ನಿಮಿಷ ಓಡಿಸಿದೆ, ಬಂಡೆಯ ಹಾಗೆ ನಿಂತಿತ್ತು. ಸಮಯ ಮಧ್ಯಾಹ್ನ ಹನ್ನೆರಡೂವರೆ. ಈ ಸಮಯವನ್ನು ಆವತ್ತು ನಾನು ಬರೆದುಕೊಳ್ಳಲಿಲ್ಲ.

ಅಕ್ಕ ಊಟದ ಡಬ್ಬಿ ತಂದಿದ್ದಳು. ಮುದ್ದೆ, ಹುರುಳಿಕಾಳು ಸಾರು. ಬಡಿಸುತ್ತಾ, "ಸಂಜೆ ಆದ್ರೆ ಈ ಫ್ಯಾನು ಗಾಳೀನೇ ಬೀಸಲ್ಲ ಕಣೋ, ಅದ್ನೂ ಒಸಿ ನೋಡ್ಬಾರ್ದಾ" ಅಂದಳು. ಮೇಲೆ ನೋಡಿದೆ. ಫ್ಯಾನ್ ಚೆನ್ನಾಗೇ ತಿರುಗುತ್ತಿತ್ತು. "ಕೆಪಾಸಿಟರ್ ವೀಕ್ ಆಗಿರ್ತದೆ ಅಕ್ಕ, ಮುಂದಿನ ಸಲ ತರ್ತೀನಿ" ಅಂದು ಮುದ್ದೆ ಮುರಿದೆ.

ಸೋಮವಾರ ರಾತ್ರಿ ಎಂಟೂವರೆಗೆ ಭಾವನ ಫೋನ್. "44 ಪರ್ಸೆಂಟು."

ಆವತ್ತು ಎರಡು ಕೆಲಸ ಹೇಳಿದೆ. ಒಂದು, ಆಫ್ ಆದಾಗೆಲ್ಲ ಆರ್ಡರ್ ಪುಸ್ತಕದ ಹಿಂದೆ ದಿನ, ಗಂಟೆ, ಪರ್ಸೆಂಟು ಬರೆದಿಡಿ ಅಂದೆ. ಇನ್ನೊಂದು, ತಾತ್ಕಾಲಿಕಕ್ಕೆ ಪ್ರೊಸೆಸರ್ ವೇಗ ಇಳಿಸಿಕೊಳ್ಳಿ ಅಂದೆ. ವಿಂಡೋಸ್ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿ 100 ಇದ್ದದ್ದನ್ನು 99 ಮಾಡಿದರೆ ಅದು ಬೂಸ್ಟ್, ಅಂದರೆ ಮಾಮೂಲಿಗಿಂತ ಮೇಲಿನ ವೇಗ, ಬಿಡುತ್ತದೆ. ಗ್ರಾಫಿಕ್ಸ್ ಕಾರ್ಡ್‌ನ ಪವರ್ ಮಿತಿಯನ್ನೂ 75%ಗೆ ಇಳಿಸಿಸಿದೆ. ಮಂಗಳವಾರ, ಬುಧವಾರ ಎರಡೂ ಸಂಜೆ ರೆಂಡರ್ ಪೂರ್ತಿಯಾಯಿತು. ನಿಧಾನ ಆಯಿತು, ಆದರೆ ಆಯಿತು. ಒಂದು ಮದುವೆ ವಿಡಿಯೋ ಮನೆ ಸೇರಿತು.

ನನಗೆ ಮತ್ತೆ ಭ್ರಮೆ. ವೇಗ ಇಳಿಸಿದರೆ ಸರಿ ಹೋಯಿತು ಅಂದರೆ ಶಾಖವೇ ಕಾರಣ, ಪೇಸ್ಟ್ ಸರಿಯಾಗಿ ಕೂತಿಲ್ಲ ಅಂತ. ಇದು ಈ ಇಡೀ ಕಥೆಯಲ್ಲಿ ನಾನು ಮಾಡಿದ ದಡ್ಡ ತರ್ಕ. ವೇಗ ಇಳಿಸಿದರೆ ಶಾಖವೂ ಇಳಿಯುತ್ತದೆ, ಎಳೆಯುವ ಕರೆಂಟೂ ಇಳಿಯುತ್ತದೆ. ಎರಡೂ ಒಟ್ಟಿಗೆ ಇಳಿದಾಗ ಯಾವುದರಿಂದ ಗುಣ ಆಯಿತು ಅಂತ ಹೇಳುವುದು ಹೇಗೆ? ಲೋಡ್ ಹಾಗೇ ಇಟ್ಟು ಶಾಖ ಮಾತ್ರ ಇಳಿಸಿ ನೋಡಬೇಕು.

ಗುರುವಾರ ಕೆಲಸ ಮುಗಿಸಿ ನೇರ ಸ್ಟುಡಿಯೋಗೆ ಹೋದೆ. ಸೆಟ್ಟಿಂಗ್ ಎಲ್ಲ ಮೊದಲಿನ ಹಾಗೆ ಮಾಡಿದೆ. ಕ್ಯಾಬಿನೆಟ್ ಬಾಗಿಲು ತೆಗೆದು, ಟೇಬಲ್ ಫ್ಯಾನ್ ತಂದು ಒಳಕ್ಕೆ ಮುಖ ಮಾಡಿ ಇಟ್ಟೆ. ಎಚ್‌ಡಬ್ಲ್ಯೂಇನ್ಫೋ ಅನ್ನೋ ತಂತ್ರಾಂಶದಲ್ಲಿ ಎರಡು ಸೆಕೆಂಡಿಗೊಮ್ಮೆ ಎಲ್ಲ ಉಷ್ಣಾಂಶ ಫೈಲಿಗೆ ಬರೆಯುವ ಹಾಗೆ ಮಾಡಿದೆ. ರೆಂಡರ್ ಶುರು. ಭಾವ ಕೆಳಗಿನಿಂದ ಪಫ್ಸ್ ತರಿಸಿದರು, ಬಿಸಿ ಬಿಸಿ. ಅರ್ಧ ತಿಂದಿದ್ದೆ. ಆರು ಐವತ್ತಕ್ಕೆ ಟಕ್.

ಕಂಪ್ಯೂಟರ್ ಸತ್ತಿತ್ತು. ಮಾನಿಟರ್ ಮಾತ್ರ "ನೋ ಸಿಗ್ನಲ್" ಅಂತ ತೋರಿಸುತ್ತಾ ಬೆಳಗುತ್ತಿತ್ತು. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಯುಪಿಎಸ್ ಮೇಲೆ ಹಸಿರು ದೀಪ. "ನೋಡು, ಕರೆಂಟೆಲ್ಲ ಐತೆ" ಅಂದರು ಭಾವ. ನಾನೂ ನೋಡಿದೆ, ಕರೆಂಟು ಇತ್ತು. ಮತ್ತೆ ಆನ್ ಮಾಡಿ ಫೈಲ್ ತೆರೆದರೆ ಕೊನೆಯ ಸಾಲಿನಲ್ಲಿ ಪ್ರೊಸೆಸರ್ 64 ಡಿಗ್ರಿ, ಗ್ರಾಫಿಕ್ಸ್ 61. ಜ್ವರ ಇಲ್ಲದ ಮನುಷ್ಯ ದಿಢೀರ್ ಅಂತ ಬಿದ್ದ ಹಾಗೆ.

ಶಾಖದ ಕೇಸು ಅಲ್ಲಿಗೆ ಮುಗಿಯಿತು. ಉಳಿದದ್ದು ಪವರ್ ಸಪ್ಲೈ.

ಅದಕ್ಕೂ ಲೆಕ್ಕ ಹಾಕಿದೆ. 3060 ಕಾರ್ಡ್ 170 ವ್ಯಾಟ್. ಪ್ರೊಸೆಸರ್ ಹೆಸರಿಗೆ 65 ವ್ಯಾಟ್, ಪೂರ್ತಿ ದುಡಿಯುವಾಗ ಬೋರ್ಡ್‌ನ ಸಾಕೆಟ್‌ನಿಂದ ಎಳೆಯುವುದು 88. ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ ಇನ್ನೊಂದು 50. ಒಟ್ಟು 310ರ ಹತ್ತಿರ. 550ರ ಸಪ್ಲೈಗೆ ಇದು ಭಾರ ಅಲ್ಲ. ಮಲ್ಟಿಮೀಟರ್ ಇಟ್ಟು ಹಳೇ ಡಿಸ್ಕ್ ಕನೆಕ್ಟರ್‌ನ ಹಳದಿ ಮತ್ತು ಕಪ್ಪು ವೈರಿನ ನಡುವೆ ಅಳೆದೆ. ಸುಮ್ಮನಿದ್ದಾಗ 11.98 ವೋಲ್ಟ್, ರೆಂಡರ್‌ನಲ್ಲಿ 11.86. ನಿಯಮದ ಪ್ರಕಾರ 11.4ರಿಂದ 12.6ರ ಒಳಗೆ ಇದ್ದರೆ ಸರಿ. ಸ್ಕ್ರೀನ್ ಮೇಲೆ ತಂತ್ರಾಂಶ ತೋರಿಸುವ ವೋಲ್ಟೇಜನ್ನು ನಾನು ನಂಬುವುದಿಲ್ಲ, ಮೀಟರ್ ಮಾತ್ರ ನಂಬುತ್ತೇನೆ.

ಅಷ್ಟಾದರೂ ಸಮಾಧಾನ ಇಲ್ಲ. ಮೀಟರ್ ನಿಧಾನ, ಕ್ಷಣದ ಕುಸಿತ ಅದಕ್ಕೆ ಕಾಣದೆ ಇರಬಹುದು. ಶನಿವಾರ ಸ್ನೇಹಿತನ ಮನೆಯಿಂದ 650 ವ್ಯಾಟಿನ ಸಪ್ಲೈ ಎರವಲು ತಂದು ಹಾಕಿದೆ. ಕೇಬಲ್ ಬಿಚ್ಚಿ ಜೋಡಿಸುವ ಮಾಡ್ಯುಲರ್ ಸಪ್ಲೈ ಅದು. ಹಳೆಯದರ ಕೇಬಲ್‌ಗಳನ್ನೇ ಹೊಸದಕ್ಕೆ ಚುಚ್ಚುವ ಆಸೆ ಯಾರಿಗಾದರೂ ಬಂದರೆ ಬೇಡ. ಸಪ್ಲೈ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ. ಕನೆಕ್ಟರ್ ಸರಿಯಾಗೇ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ ಡಿಸ್ಕ್ ಸುಟ್ಟು ಕೂರುತ್ತದೆ. ಮದುವೆಮನೆ ವಿಡಿಯೋ ಇರುವ ಡಿಸ್ಕ್! ಎಲ್ಲ ಕೇಬಲ್ ಬದಲಾಯಿಸಿದೆ. ಅರ್ಧ ದಿನ ಹೋಯಿತು.

ಭಾನುವಾರ ಸಂಜೆ ಏಳು ಇಪ್ಪತ್ತಕ್ಕೆ ಟಕ್.

ಭಾವ ಏನೂ ಹೇಳಲಿಲ್ಲ. ಆರ್ಡರ್ ಪುಸ್ತಕ ತೆಗೆದು ಬರೆದುಕೊಂಡರು. ಪುಸ್ತಕ ಇಸಿದುಕೊಂಡು ನೋಡಿದೆ. ನಾನು ಹೇಳುವ ಮೊದಲಿನವನ್ನೂ ಅವರು ನೆನಪಿನಿಂದ ಬರೆದಿದ್ದರು. ಒಟ್ಟು ಒಂಬತ್ತು ಸಲ. ಪರ್ಸೆಂಟುಗಳಿಗೆ ತಲೆಬುಡ ಇರಲಿಲ್ಲ: 12, 71, 44, 34, 8. ಆದರೆ ಗಂಟೆಯ ಸಾಲು ನೋಡಿದರೆ: 5.40, 7.10, 8.20, 6.50, 7.20... ಒಂಬತ್ತೂ ಸಂಜೆ ಐದೂವರೆಯಿಂದ ಒಂಬತ್ತೂವರೆಯ ಒಳಗೆ. ಬೆಳಗ್ಗೆ ಒಂದೂ ಇಲ್ಲ. ಮಧ್ಯರಾತ್ರಿ ಒಂದೂ ಇಲ್ಲ.

"ಭಾವ, ಬೆಳಗ್ಗೆ ರೆಂಡರ್ ಹಾಕೋದೇ ಇಲ್ವಾ?"

"ಹಾಕ್ತೀನಲ್ಲ. ಬೆಳಗ್ಗೆ ಆಗೋಯ್ತದೆ. ಅದನ್ನ ಯಾಕೆ ಬರೀಲಿ?"

ಕಂಪ್ಯೂಟರಿಗೆ ಗಡಿಯಾರ ನೋಡಿ ಕೆಡುವ ರೋಗ ಇರುವುದಿಲ್ಲ. ಹೊರಗಿನಿಂದ ಏನೋ ಬರುತ್ತಿದೆ. ಆದರೆ ಹೊರಗಿನ ಕರೆಂಟು ಇತ್ತಲ್ಲ, ಲೈಟು ಉರಿಯುತ್ತಿತ್ತಲ್ಲ, ಯುಪಿಎಸ್ ಹಸಿರು ತೋರಿಸುತ್ತಿತ್ತಲ್ಲ? ಆಗ ಬಗ್ಗಿ ಟೇಬಲ್ ಕೆಳಗೆ ಟಾರ್ಚ್ ಬಿಟ್ಟು ವೈರುಗಳನ್ನು ಒಂದೊಂದೇ ಕೈಯಲ್ಲಿ ಹಿಡಿದು ನೋಡಿದೆ. ಯುಪಿಎಸ್‌ನಲ್ಲಿ ಇದ್ದದ್ದು ಕಂಪ್ಯೂಟರ್ ಒಂದೇ. ಮಾನಿಟರ್ ಬೇರೆ ಗೋಡೆ ಬೋರ್ಡ್‌ನಲ್ಲಿತ್ತು. ಅಂದರೆ ಯುಪಿಎಸ್ ಒಂದು ಸೆಕೆಂಡ್ ಕಣ್ಣು ಮುಚ್ಚಿ ತೆರೆದರೂ ನಮಗೆ ಗೊತ್ತಾಗುವ ಹಾಗಿರಲಿಲ್ಲ. ಪವರ್ ಸಪ್ಲೈಯೊಳಗಿನ ದೊಡ್ಡ ಕೆಪಾಸಿಟರ್ ಕರೆಂಟ್ ಇಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತೇ 20 ಮಿಲಿಸೆಕೆಂಡ್. ಸೆಕೆಂಡ್ ಅನ್ನುವುದು ಅದಕ್ಕೆ ಯುಗ.

"ಈ ಯುಪಿಎಸ್ ಕೂಗೋದೇ ಇಲ್ವಾ ಭಾವ?"

ಭಾವ ಸ್ವಲ್ಪ ನಾಚಿಕೊಂಡರು. "ವಾಯ್ಸ್ ರೆಕಾರ್ಡ್ ಮಾಡುವಾಗ ಕೀಂ ಕೀಂ ಅಂತಿತ್ತು. ಹೋದ ವರ್ಷ ಅದರ ಬಝರ್ ಕೀಳಿಸಿಬಿಟ್ಟೆ."

ಅನುಮಾನ ಬಂದರೆ ಸಾಲದು, ಸಾಕ್ಷಿ ಬೇಕು. ಸೋಮವಾರ ಒಂದು ಸಣ್ಣ ಬಲೆ ಬೀಸಿದೆ. ಮದರ್‌ಬೋರ್ಡ್‌ನ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಸೆಟ್ಟಿಂಗ್ ಪುಟದಲ್ಲಿ, "ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು" ಅನ್ನುವ ಆಯ್ಕೆ ಇರುತ್ತದೆ. ಸಾಮಾನ್ಯವಾಗಿ ಅದು ಆಫ್‌ನಲ್ಲಿರುತ್ತದೆ. ಅದನ್ನು ಪವರ್ ಆನ್‌ಗೆ ಇಟ್ಟೆ. ಇದರ ಅರ್ಥ ಇಷ್ಟು. ಕಂಪ್ಯೂಟರ್ ಒಳಗಿನ ಕಾರಣಕ್ಕೆ, ಅಂದರೆ ಶಾಖಕ್ಕೆ ಅಥವಾ ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ಟ್ರಿಪ್ ಆಗಿ ಸತ್ತರೆ, ಅದು ಸತ್ತೇ ಇರುತ್ತದೆ. ಟ್ರಿಪ್ ಆದ ಸಪ್ಲೈ ಸಾಮಾನ್ಯವಾಗಿ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡುವ ತನಕ ಏಳುವುದಿಲ್ಲ. ಆದರೆ ಹೊರಗಿನಿಂದ ಕರೆಂಟು ನಿಂತು ಮತ್ತೆ ಬಂದಿದ್ದರೆ, ಯಾರೂ ಬಟನ್ ಮುಟ್ಟದೆ ಅದೇ ಎದ್ದು ಕೂರುತ್ತದೆ. ಮೊದಲು ಪ್ಲಗ್ ಕಿತ್ತು ಹಾಕಿ ಪರೀಕ್ಷೆ ಮಾಡಿದೆ. ಎದ್ದಿತು.

ರೆಂಡರ್ ಹಾಕಿ ಕುಳಿತೆವು. ಏಳು ಗಂಟೆ ಐದು ನಿಮಿಷ. ಟಕ್. ಒಂದು, ಎರಡು... ಫ್ಯಾನುಗಳು ಸುಯ್ ಅಂದವು. ಪರದೆ ಮೇಲೆ ಬೋರ್ಡ್‌ನ ಲೋಗೊ ಬಂತು. ರೆಂಡರ್ ಹಾಳಾಗಿದ್ದಕ್ಕೆ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು. ಭಾವ ಮಾತ್ರ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು.

ಆವತ್ತು ಮೇಲೆ ನೋಡಿದೆ. ಸೀಲಿಂಗ್ ಫ್ಯಾನ್ ರೆಗ್ಯುಲೇಟರ್ ಐದರಲ್ಲಿತ್ತು, ರೆಕ್ಕೆಗಳನ್ನು ಎಣಿಸಬಹುದಿತ್ತು. ಅಕ್ಕ ಎಂಟು ದಿನ ಮೊದಲೇ ಹೇಳಿದ್ದಳು.

ವೋಲ್ಟೇಜ್ ಬಿದ್ದರೆ ಲೈಟ್ ಮಂಕಾಗಬೇಕಲ್ಲ ಅಂತ ನಮಗೆಲ್ಲ ಹಳೇ ಕಾಲದ ಲೆಕ್ಕ. ಬುರುಡೆ ಬಲ್ಬ್ ಇದ್ದಾಗ ಅದು ನಿಜ. ಈಗಿನ ಎಲ್‌ಇಡಿ ಟ್ಯೂಬಿನೊಳಗೆ ಡ್ರೈವರ್ ಇರುತ್ತದೆ. ಒಳಗೆ ಬರುವ ವೋಲ್ಟೇಜ್ ಒಂದು ಮಿತಿಯೊಳಗೆ ಎಷ್ಟೇ ಕುಣಿದರೂ ದೀಪಕ್ಕೆ ಹೋಗುವ ಕರೆಂಟನ್ನು ಒಂದೇ ಸಮ ಇಡುತ್ತದೆ. ಫ್ಯಾನಿಗೆ ಅಂಥ ಚಾಕಚಕ್ಯತೆ ಇಲ್ಲ. ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ.

ಮಂಗಳವಾರ ಸಂಜೆ ಮೀಟರ್ ಹಿಡಿದು ಕೂತೆ. ಎಸಿ ರೇಂಜ್, ಕನಿಷ್ಠ ಗರಿಷ್ಠ ಹಿಡಿದಿಡುವ ಬಟನ್ ಒತ್ತಿ. ನಾಲ್ಕೂವರೆಗೆ ಗೋಡೆ ಸಾಕೆಟ್‌ನಲ್ಲಿ 218 ವೋಲ್ಟ್. ಆರು ಗಂಟೆಗೆ 203. ಅದು ಬಡಾವಣೆಯಲ್ಲೇ ಎಲ್ಲರೂ ದೀಪ, ಟಿವಿ, ಮೋಟರ್ ಹಾಕುವ ಹೊತ್ತು. ಅಷ್ಟು ಇಳಿಯುವುದರಲ್ಲಿ ಆಶ್ಚರ್ಯ ಇಲ್ಲ. ಆರೂಕಾಲಿಗೆ ಒಮ್ಮೆಗೇ 186. ಐದು ನಿಮಿಷ ಬಿಟ್ಟು 203. ಮತ್ತೆ 186. ಮತ್ತೆ 203. ಯಾರೋ ಸ್ವಿಚ್ ಒತ್ತಿ ಆಟ ಆಡುತ್ತಿರುವ ಹಾಗೆ.

ಕೆಳಗಿನಿಂದ ಪಫ್ಸ್ ವಾಸನೆ ಮೇಲೆ ಬಂತು.

ಇಳಿದು ಹೋದೆ. ಬೇಕರಿಯವರು ಯುಗಾದಿ ಕಳೆದ ಮೇಲೆ ಹೊಸ ಎಲೆಕ್ಟ್ರಿಕ್ ಓವನ್ ತಂದಿದ್ದರು. 3 ಕಿಲೋವ್ಯಾಟ್. ಸಂಜೆ ವ್ಯಾಪಾರಕ್ಕೆ ಐದು ಗಂಟೆಗೆ ಹಚ್ಚಿದರೆ ರಾತ್ರಿ ಒಂಬತ್ತೂವರೆ ತನಕ. ಅದರ ಥರ್ಮೋಸ್ಟಾಟ್ ಕಾದಾಗ ಬಿಡುತ್ತದೆ, ಆರಿದಾಗ ಹಿಡಿಯುತ್ತದೆ. 3 ಕಿಲೋವ್ಯಾಟ್ ಅಂದರೆ 230 ವೋಲ್ಟಿನಲ್ಲಿ 13 ಆಂಪಿಯರ್. ಜೊತೆಗೆ ಐಸ್‌ಕ್ರೀಮ್ ಫ್ರೀಜರ್. ಅದರ ಕಂಪ್ರೆಸರ್ ಶುರುವಾಗುವ ಅರೆಕ್ಷಣ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಓವನ್ ಉರಿಯುತ್ತಿರುವಾಗಲೇ ಫ್ರೀಜರ್ ಎದ್ದರೆ? ಮೇಲೆ ಬಂದು ಮೀಟರ್‌ನ ಕನಿಷ್ಠ ನೋಡಿದೆ: 158.

ಯುಪಿಎಸ್ ಕೈಪಿಡಿ ಹುಡುಕಿ ತೆಗೆಸಿದೆ. ಒಳಬರುವ ವೋಲ್ಟೇಜ್ 165ಕ್ಕಿಂತ ಇಳಿದರೆ ಅದು ಬ್ಯಾಟರಿಗೆ ಜಿಗಿಯುತ್ತದೆ. ಜಿಗಿದರೆ ತಪ್ಪೇನಿಲ್ಲ, ಅದಿರುವುದೇ ಅದಕ್ಕೆ. ಬ್ಯಾಟರಿ ಹಿಡಿದುಕೊಳ್ಳಬೇಕು ಅಷ್ಟೇ.

ಬ್ಯಾಟರಿ ಪರೀಕ್ಷೆಗೆ ಕಂಪ್ಯೂಟರನ್ನೇ ಬಲಿ ಕೊಡಬಾರದು. 100 ವ್ಯಾಟಿನ ಬುರುಡೆ ಬಲ್ಬುಗಳು ಬೇಕಿತ್ತು. ಈಗ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಕೋಳಿ ಸಾಕುವ ಪರಿಚಯದವರೊಬ್ಬರು ಮರಿಗಳಿಗೆ ಶಾಖ ಕೊಡಲು ಇಟ್ಟುಕೊಂಡಿದ್ದರು. ಮೂರು ತಂದೆ. ಹಲಗೆ ಮೇಲೆ ಮೂರು ಹೋಲ್ಡರ್, ಒಂದೊಂದಕ್ಕೂ ಒಂದು ಸ್ವಿಚ್. ಯುಪಿಎಸ್‌ಗೆ ಚುಚ್ಚಿ, ಒಂದು ಬಲ್ಬ್ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿದೆ. ಎರಡು ನಿಮಿಷ ಉರಿಯಿತು. ಎರಡು ಬಲ್ಬ್: ಹನ್ನೊಂದು ಸೆಕೆಂಡ್. ಮೂರು ಬಲ್ಬ್: ಒಂದು ಸಲ ಮಿಂಚಿ ಕತ್ತಲೆ. ಗೋಡೆಯ ಸ್ವಿಚ್ ಹಾಕಿದ ಒಂದೆರಡು ಸೆಕೆಂಡಿಗೆ ಯುಪಿಎಸ್ ಹಸಿರು ದೀಪ ತೋರಿಸಿಕೊಂಡು ಏನೂ ಆಗದ ಹಾಗೆ ನಿಂತಿತ್ತು. ಬೆನ್ನು ತೆಗೆದು ನೋಡಿದರೆ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿಯ ಎರಡೂ ಕೆನ್ನೆ ಊದಿಕೊಂಡಿದ್ದವು. ಸುಮ್ಮನಿದ್ದಾಗ 12.9 ವೋಲ್ಟ್ ತೋರಿಸುತ್ತಿತ್ತು. ಎರಡು ಬಲ್ಬಿನ ಭಾರ ಬಿದ್ದರೆ 9ಕ್ಕೆ ಜಾರುತ್ತಿತ್ತು. ಸೀಲ್ ಮಾಡಿದ ಲೆಡ್ ಬ್ಯಾಟರಿಗೆ ಮೂರು ವರ್ಷ ಅಂದರೆ ಮುಪ್ಪು. ಸುಮ್ಮನಿದ್ದಾಗಿನ ವೋಲ್ಟೇಜ್ ನೋಡಿ ಬ್ಯಾಟರಿ ಚೆನ್ನಾಗಿದೆ ಅನ್ನಬಾರದು. ಭಾರ ಹೊರಿಸಿ ನೋಡಬೇಕು.

ಈಗ ಎಲ್ಲ ಕೂಡಿತು. ಎಡಿಟ್ ಮಾಡುವಾಗ ಮಷಿನ್ ಎಳೆಯುವುದು 120 ವ್ಯಾಟ್. ಆಗ ಫ್ರೀಜರ್ ಎದ್ದರೂ ಮುದಿ ಬ್ಯಾಟರಿ ಹೇಗೋ ಎರಡು ಸೆಕೆಂಡ್ ತಳ್ಳುತ್ತದೆ. ರೆಂಡರ್‌ನಲ್ಲಿ ಪ್ಲಗ್ ಮೀಟರ್ ತೋರಿಸಿದ್ದು 330ರಿಂದ 360. ಆಗ ಬ್ಯಾಟರಿ ಕೈ ಚೆಲ್ಲುತ್ತದೆ. ವೇಗ ಇಳಿಸಿದ ಆ ಎರಡು ದಿನ 210ರ ಆಸುಪಾಸು ಇದ್ದಿರಬೇಕು, ಅದಕ್ಕೇ ಬದುಕಿತು. ಶಾಖಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಓವನ್, ಫ್ರೀಜರ್, ರೆಂಡರ್ ಮೂರೂ ಒಂದೇ ಕ್ಷಣದಲ್ಲಿ ಕೂಡಬೇಕು. ಪರ್ಸೆಂಟಿಗೆ ತಲೆಬುಡ ಇಲ್ಲದ್ದು ಅದಕ್ಕೆ.

ನನ್ನ ಪಾಲಿನ ತಪ್ಪೂ ಇದೆ, ಅದನ್ನು ಬರೆಯದಿದ್ದರೆ ಭಾವ ಓದಿ ನಗುತ್ತಾರೆ. 600 ವಿಎ ಅಂತ ಡಬ್ಬಿ ಮೇಲೆ ಬರೆದಿದ್ದರೂ ಆ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ಹಳೆಯ 1050 ಟಿಐ ಇಡೀ ಕಾರ್ಡೇ 75 ವ್ಯಾಟ್. ಆಗ ಅದು ಧಾರಾಳ. ದೀಪಾವಳಿಗೆ 170 ವ್ಯಾಟಿನ ಕಾರ್ಡ್ ಹಾಕಿದಾಗ ನಾನು ಪವರ್ ಸಪ್ಲೈ ಲೆಕ್ಕ ಹಾಕಿದೆ. ಯುಪಿಎಸ್ ಲೆಕ್ಕ ಹಾಕಲೇ ಇಲ್ಲ.

ಆದರೆ ಒಂದು ಓವನ್ನಿಗೆ 17 ವೋಲ್ಟ್ ಕುಸಿಯುವುದು ಜಾಸ್ತಿಯೇ. ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆದೆ. ಓವನ್ ಬಿಟ್ಟಾಗ 2 ವೋಲ್ಟ್. ಓವನ್ ಹಿಡಿದಾಗ 13. ಅಂದರೆ ಕುಸಿತದ ಬಹುಪಾಲು ನ್ಯೂಟ್ರಲ್ ವೈರಿನಲ್ಲೇ ಇತ್ತು. ಎಲ್ಲೋ ಒಂದು ಜಾಯಿಂಟ್ ಕೆಟ್ಟಿದೆ. ಇದಾದ ಮೇಲೆ ನಾನು ಕೈ ಹಾಕಲಿಲ್ಲ. ಕಂಪ್ಯೂಟರ್ ಒಳಗಿನ 12 ವೋಲ್ಟ್ ಬೇರೆ, ಮೀಟರ್ ಬೋರ್ಡ್ ಬೇರೆ. ಕಟ್ಟಡದ ಮಾಲೀಕರಿಗೆ ಹೇಳಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿದೆವು. ಮಾಲೀಕರು ಮೊದಲು "ಎಲ್ಲಾ ಸರಿಯಾಗೇ ಐತಲ್ಲ" ಅಂದರು. ಮೀಟರ್ ಓದಿ ತೋರಿಸಿದ ಮೇಲೆ ಸುಮ್ಮನಾದರು.

ಬುಧವಾರ ಮೇನ್ ಆಫ್ ಮಾಡಿ ಸಬ್ ಮೀಟರ್ ಬೋರ್ಡ್ ತೆಗೆದರೆ ಕಾರಣ ಕಣ್ಣೆದುರೇ ಇತ್ತು. ಬೇಕರಿಗೂ ಸ್ಟುಡಿಯೋಗೂ ಒಂದೇ ನ್ಯೂಟ್ರಲ್. ಹಳೇ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಈ ಎರಡು ಲೋಹ ನೇರ ಜೊತೆಗೂಡಿದರೆ ಬರುಬರುತ್ತಾ ತುಕ್ಕು ಹಿಡಿದು ಸಡಿಲವಾಗುತ್ತದೆ. ಟೇಪ್ ಕರಗಿ ಕಪ್ಪು ಬೆಲ್ಲದ ಹಾಗೆ ಆಗಿತ್ತು. ಎಲೆಕ್ಟ್ರಿಷಿಯನ್ ಲೊಚಗುಟ್ಟಿದರು. ಓವನ್ ಉರಿಯುವಾಗ ಆ ಜಾಗದಲ್ಲೇ ಹತ್ತು ವೋಲ್ಟ್ ಬೀಳುತ್ತಿತ್ತು ಅಂದರೆ ಸುಮಾರು 100 ವ್ಯಾಟ್ ಬಿಸಿ ಒಂದು ಬೆರಳಿನಷ್ಟು ಜಾಗದಲ್ಲಿ. ಕಂಪ್ಯೂಟರ್ ಆಫ್ ಆಗುತ್ತಿದ್ದದ್ದೇ ಒಳ್ಳೆಯದಾಯಿತು ಅಂತ ಆಗ ಅನಿಸಿತು. ಇನ್ನೊಂದು ಬೇಸಿಗೆ ಬಿಟ್ಟಿದ್ದರೆ ಬೋರ್ಡೇ ಹೊತ್ತಿಕೊಳ್ಳುತ್ತಿತ್ತೇನೋ. ಸರಿಯಾದ ಲಗ್ ಹಾಕಿ, ಸ್ಟುಡಿಯೋಗೆ ಮೇನ್‌ನಿಂದಲೇ ಬೇರೆ ಲೈನ್ ಎಳೆದರು, 4 ಚದರ ಮಿಲಿಮೀಟರ್ ತಾಮ್ರದ ವೈರು.

ಯುಪಿಎಸ್ ಹೊಸದು ತಂದೆವು. 1100 ವಿಎ, 660 ವ್ಯಾಟ್. ಬ್ಯಾಟರಿಯಲ್ಲಿ ಪ್ಯೂರ್ ಸೈನ್ ವೇವ್, ಅಂದರೆ ಗೋಡೆಯ ಕರೆಂಟಿನಂಥ ನುಣುಪಾದ ಅಲೆ, ಕೊಡುವಂಥದ್ದೇ ಬೇಕು ಅಂತ ಹಟ ಹಿಡಿದೆ. ಈ ಪವರ್ ಸಪ್ಲೈಗೆ ಆಕ್ಟಿವ್ ಪಿಎಫ್‌ಸಿ ಇದೆ, ಒಳಬರುವ ಅಲೆಗೆ ತಕ್ಕ ಹಾಗೆ ಕರೆಂಟ್ ಎಳೆಯುವ ಸರ್ಕ್ಯೂಟ್ ಅದು. ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಅಗ್ಗದ ಯುಪಿಎಸ್ ಅಲೆಗೆ ಇಂಥ ಕೆಲವು ಸಪ್ಲೈಗಳು ಮುನಿಸಿಕೊಂಡು ಆಫ್ ಆಗುತ್ತವೆ. ಅದನ್ನು ಹುಡುಕುತ್ತಾ ಇನ್ನೊಂದು ಹನ್ನೆರಡು ದಿನ ಕಳೆಯುವ ಶಕ್ತಿ ನನಗಿರಲಿಲ್ಲ. ಹಳೆಯದಕ್ಕೆ ಹೊಸ ಬ್ಯಾಟರಿ ಹಾಕಿ ರೂಟರ್‌ಗೂ ಸಿಸಿಟಿವಿಗೂ ಕೊಟ್ಟೆವು, ಅದಕ್ಕೆ ಆ ಕೆಲಸ ಸಾಕು. ಎರವಲು ತಂದ ಸಪ್ಲೈ ವಾಪಸ್ ಹೋಯಿತು. ನಮ್ಮ 550 ಮತ್ತೆ ತನ್ನ ಜಾಗ ಸೇರಿತು, ಪಾಪ, ಅದರದೇನೂ ತಪ್ಪಿರಲಿಲ್ಲ.

ಗುರುವಾರ ಸಂಜೆ ಆರೂವರೆ. ಓವನ್ ಉರಿಯುತ್ತಿತ್ತು. ಸಾಕೆಟ್‌ನಲ್ಲಿ 201 ವೋಲ್ಟ್. ಮೂರು ಮದುವೆಗಳನ್ನು ಸಾಲಾಗಿ ರೆಂಡರ್‌ಗೆ ಹಾಕಿದೆವು. ಏಳೂಕಾಲಿಗೆ ಬೇಕೆಂದೇ ಯುಪಿಎಸ್ ಪ್ಲಗ್ ಕಿತ್ತೆ. ಭಾವ ಎದೆ ಹಿಡಿದುಕೊಂಡರು. ಯುಪಿಎಸ್ ಕೀಂ ಅಂತ ಕೂಗಿತು, ಪರ್ಸೆಂಟ್ ಓಡುತ್ತಲೇ ಇತ್ತು. ಪ್ಲಗ್ ಮತ್ತೆ ಹಾಕಿದೆ. ಅಕ್ಕ ಮೇಲೆ ನೋಡಿ, "ಫ್ಯಾನು ಈಗ ಬೀಸ್ತಾ ಐತೆ, ಕೆಪಾಸಿಟರ್ ಹಾಕ್ದಾ?" ಅಂತ ಕೇಳಿದಳು. ಹೂಂ ಅಂದೆ.

ಹೊರಡುವಾಗ ಭಾವ ಹೊಸ ಯುಪಿಎಸ್ ಹತ್ತಿರ ಬಗ್ಗಿ, "ಎಲ್ಲಾ ಸರಿ ಕಣಯ್ಯ, ಇದರ ಬಾಯಿ ಮುಚ್ಚಿಸೋಕೆ ಆಗುತ್ತಾ?" ಅಂದರು.

ಆಗಲ್ಲ ಅಂದೆ. ಮ್ಯೂಟ್ ಬಟನ್ ಹಿಂಭಾಗದಲ್ಲಿದೆ.